ಮೊಹರಿನ ಹಿಂದಿನ ಬರಹ

ಅಕ್ಟೋಬರ್ 2, ಭಾನುವಾರ. ಮಧ್ಯಾಹ್ನ 12.40

ಮಗುವಿಗೆ ಹಾಲು ತೆಗೆದಿದ್ದಾಯಿತು. ಎಡಗಡೆ ಪರವಾಗಿಲ್ಲ, ಬಲಗಡೆ ಎಂದಿನಂತೆ ಜಿಪುಣ. ಹಳೆಯ ಫೈಲುಗಳ ಕೋಣೆಯಲ್ಲಿ ಬಾಗಿಲಿಗೆ ಕುರ್ಚಿ ಅಡ್ಡವಿಟ್ಟು ಕೂತಿದ್ದೇನೆ. ಇನ್ನು ಇಪ್ಪತ್ತು ನಿಮಿಷ ನನ್ನದು. ಕಣ್ಣು ಮುಚ್ಚಬಹುದಿತ್ತು. ಮುಚ್ಚಿದರೆ ತೆರೆಯಲಾರೆ ಎಂಬ ಹೆದರಿಕೆಗೆ ಬರೆಯುತ್ತಿದ್ದೇನೆ.

ನಮ್ಮ ನೀರಿನ ಕಚೇರಿಯಲ್ಲಿ ಬೆಳಗ್ಗೆಯಿಂದ ಏಳು ಪ್ರಕಟಣೆ. ಏಳೂ ಒಂದೇ ದಾರಿಯಲ್ಲಿ ಬಂದವು. ಯಾರೋ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾರೆ. ಮುದ್ರಿಸುತ್ತಾರೆ. ಡೈರೆಕ್ಟರ್ ಸಹಿ ಹಾಕುತ್ತಾರೆ. ಅಬೂ ನಿಜಾರ್ ನೀಲಿ ಮೊಹರು ಒತ್ತುತ್ತಾರೆ. ಮತ್ತೆ ಸ್ಕ್ಯಾನ್. ಚಿತ್ರವಾಗಿ ನನ್ನ ಮೇಜಿಗೆ. ನಾನು ಆ ಚಿತ್ರವನ್ನು ವೆಬ್‌ಸೈಟಿಗೆ ಏರಿಸಬೇಕು. ಅಕ್ಷರವಾಗಿ ಹುಟ್ಟಿದ್ದನ್ನು ಚಿತ್ರ ಮಾಡಿ ಕೊಡುತ್ತಾರೆ, ನಾನು ಕೂತು ಅದನ್ನು ಮತ್ತೆ ಅಕ್ಷರ ಮಾಡುತ್ತೇನೆ. ಇದೇ ನನ್ನ ನೌಕರಿ.

ಯಾಕೆಂದರೆ ಕಣ್ಣಿಲ್ಲದವರ ಫೋನು ಚಿತ್ರವನ್ನು ಓದಲಾರದು. ‘ಚಿತ್ರ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಆದ್ದರಿಂದ ಪ್ರತಿ ಚಿತ್ರದ ಹಿಂದೆ ನನ್ನ ಬರಹ ಸೇರಿಸಿಡುತ್ತೇನೆ. ಕಣ್ಣಿರುವವರಿಗೆ ಅದು ಕಾಣುವುದಿಲ್ಲ. ಫೋನಿನ ಓದುವ ದನಿಗೆ ಮಾತ್ರ ಸಿಗುತ್ತದೆ.

ಬರಹವನ್ನೇ ಎದುರಿಗೆ ಯಾಕೆ ಹಾಕಬಾರದು ಎಂದು ಸೇರಿದ ಹೊಸತರಲ್ಲಿ ಅಬೂ ನಿಜಾರರನ್ನು ಕೇಳಿದ್ದೆ. ನಮ್ಮ ವಿಭಾಗದ ಮುಖ್ಯಸ್ಥರು, ಮೊಹರಿನ ಕಾವಲುಗಾರರು. ಮೊಹರನ್ನು ದಾರ ಕಟ್ಟಿ ಕೋಟಿನ ಒಳಜೇಬಿನಲ್ಲೇ ಇಟ್ಟುಕೊಳ್ಳುತ್ತಾರೆ.

“ಮೊಹರಿಲ್ಲದ ಅಕ್ಷರ ಅಂದ್ರೆ ಬರೀ ಬಾಯಿಮಾತು ಮಗಳೇ. ನಾಳೆ ಯಾವನೋ ತಿದ್ದಿ, ಇನ್ಮೇಲೆ ದಿನಾ ನೀರು ಬರುತ್ತೆ ಅಂತ ಬರೆದ್ರೆ? ಊರಿನವರೆಲ್ಲ ಕ್ಯಾನು ಹಿಡ್ಕೊಂಡು ನನ್ನ ಮನೆ ಮುಂದೆ ನಿಲ್ತಾರೆ.”

“ಕಣ್ಣಿಲ್ಲದವರು?”

“ಅವರಿಗೆ ಹಿಂದೆ ಇಟ್ಬಿಡು. ನಾನು ನೋಡಲ್ಲ.”

ನೋಡುವುದೂ ಕಷ್ಟವೇ. ಎರಡೂ ಕಣ್ಣಿಗೆ ಪೊರೆ. ಕಾಗದವನ್ನು ಮೂಗಿಗೆ ತಾಗಿಸಿಕೊಂಡು, ಮೂಸಿ ನೋಡುವವರ ಹಾಗೆ ಓದುತ್ತಾರೆ. ಆಪರೇಷನ್ ಅಂದರೆ ಮಾತು ಬದಲಿಸುತ್ತಾರೆ.

ಅಕ್ಟೋಬರ್ 4, ಮಂಗಳವಾರ. ಬೆಳಗ್ಗೆ 5.10

ಜುಮಾನಾ ಈಗ ಮಲಗಿದಳು. ಐದು ತಿಂಗಳಿಗೆ ಇಷ್ಟು ಗಂಟಲು ಎಲ್ಲಿಂದ ಬಂತೋ. ಈಗ ನಿಶ್ಶಬ್ದ. ನಿಶ್ಶಬ್ದವಾದರೆ ಇನ್ನೂ ಭಯ. ಮೂಗಿನ ಹತ್ತಿರ ಬೆರಳಿಟ್ಟು ನೋಡಿ ಬಂದೆ. ಮತ್ತೆ ಹೋಗಿ ನೋಡಿ ಬಂದೆ.

ಅತ್ತೆ ಎದ್ದಿದ್ದಾರೆ. ಅಡುಗೆಮನೆಯಿಂದಲೇ — “ಎಷ್ಟು ಸಲ ನೋಡ್ತೀಯೇ ಅದನ್ನ? ಅದೇನು ಒಲೆ ಮೇಲಿಟ್ಟ ಹಾಲಾ?”

ಗಂಡ ಗಸ್ಸಾನ್ ಕೆಲಸಕ್ಕೆಂದು ದೂರದ ಅಕಬಾ ಬಂದರಿನಲ್ಲಿ. ಎರಡು ವಾರಕ್ಕೊಮ್ಮೆ ಬಂದು, ಮಗಳನ್ನು ಎತ್ತಿಕೊಂಡು, “ಎಷ್ಟು ಸಾಧು ಮಗು” ಅಂದು ಹೋಗುತ್ತಾರೆ.

ಏನಾದರೂ ಒಳ್ಳೆಯದನ್ನು ಬರೆಯೋಣ. ಹಿಕ್ಮತ್ ಮೇಷ್ಟ್ರು ನಿನ್ನೆ ಫೋನ್ ಮಾಡಿದ್ದರು. ಲೌಜ್ ದಿಬ್ಬದ ಮೇಲಿನ ಮನೆ. ಹುಟ್ಟುಕುರುಡು. ಅರವತ್ತೆಂಟು ವಯಸ್ಸು, ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದವರು. ಕಳೆದ ವರ್ಷ ನಾನು ಚಿತ್ರದ ಹಿಂದೆ ಬರೆಯಲು ಶುರು ಮಾಡಿದಾಗ ಮೊದಲು ಗೊತ್ತಾದದ್ದು ಅವರಿಗೇ. ಅಂದಿನಿಂದ ವಾರವಾರವೂ, ಪ್ರತಿ ಬಡಾವಣೆಗೆ ವಾರಕ್ಕೊಂದೇ ದಿನ ಬರುವ ನೀರಿನ ಸರದಿ ಕೇಳಿಸಿಕೊಂಡು, ತಮ್ಮ ದನಿಯಲ್ಲಿ ಹೇಳಿ, ಕಣ್ಣಿಲ್ಲದವರ ಹತ್ತೊಂಬತ್ತು ಮನೆಗೆ ಕಳಿಸುತ್ತಾರೆ. ಹನ್ನೊಂದು ಮನೆ ಲೌಜ್ ದಿಬ್ಬದಲ್ಲೇ ಇವೆ.

“ಶುರೂಕ್, ನೀನು ‘ಬೆಳಗ್ಗೆ ಆರಕ್ಕೆ’ ಅಂತ ಬರೀತೀಯಲ್ಲ, ಮುಂದೊಂದು ಚುಕ್ಕಿ ಇಡಮ್ಮ. ನನ್ನ ಫೋನು ಉಸಿರೇ ತಗೊಳ್ಳಲ್ಲ. ಅದು ಮುಗಿಸೋ ಹೊತ್ತಿಗೆ ನನಗೆ ದಮ್ಮು ಬರುತ್ತೆ.”

ಚುಕ್ಕಿ ಇಟ್ಟೆ. ಇಡೀ ದಿನದಲ್ಲಿ ಯಾರಿಗೋ ಉಪಯೋಗವಾದ ಕೆಲಸ ಅದೊಂದೇ.

ಅಕ್ಟೋಬರ್ 6, ಗುರುವಾರ. ಸಂಜೆ, ಬಸ್ಸಿನಲ್ಲಿ

ಮುಂದಿನ ವಾರದ ಸರದಿ ಮೂರು ಗಂಟೆಗೆ ಕೈಗೆ ಬಂತು. ನಾಳೆ ನಾಡಿದ್ದು, ಶುಕ್ರ ಶನಿ, ವಾರದ ರಜೆ; ಪೇಜಿಗೆ ಇವತ್ತೇ ಏರಬೇಕು. ಹದಿನಾಲ್ಕು ಬಡಾವಣೆ. ಪಂಪು ರಿಪೇರಿ ಅಂತ ಲೌಜ್ ದಿಬ್ಬದ್ದು ಮಾತ್ರ ಮಂಗಳವಾರದಿಂದ ಭಾನುವಾರಕ್ಕೆ ಬಂದಿದೆ. ಉಳಿದ ಹದಿಮೂರೂ ಎಂದಿನಂತೆ. ಚಿತ್ರ ಏರಿಸಿದೆ. ಹಿಂದಿನ ಬರಹಕ್ಕೆ ಹೋದ ವಾರದ್ದನ್ನೇ ತಂದು ಅಂಟಿಸಿಕೊಂಡೆ, ಆ ಒಂದು ಸಾಲು ತಿದ್ದಿದರೆ ಆಯಿತೆಂದು. ಅಷ್ಟರಲ್ಲಿ ಅತ್ತೆಯ ಫೋನು. ಮಗುವಿನ ಹೊಟ್ಟೆ ಮೇಲೆ ಕೆಂಪು ಗುಳ್ಳೆ ಎದ್ದಿದೆ, “ಗಾಬರಿ ಆಗ್ಬೇಡ, ಸುಮ್ನೆ ಹೇಳ್ದೆ” ಅಂತ. ಇದಕ್ಕಿಂತ ಗಾಬರಿಯ ಮಾತು ಇನ್ನಾವುದಿದೆ.

ಕಳಿಸಿ, ಬ್ಯಾಗು ಎತ್ತಿಕೊಂಡು ಓಡಿದೆ. ದಿನಾ ಕಣ್ಣು ಮುಚ್ಚಿಕೊಂಡು ಇಡೀ ಪೇಜನ್ನು ಒಮ್ಮೆ ಕೇಳುತ್ತೇನೆ, ಅವರು ಕೇಳುವ ಹಾಗೆ. ಇವತ್ತು ಕೇಳಲಿಲ್ಲ. ಕಣ್ಣು ಮುಚ್ಚಿದರೆ ಅಲ್ಲೇ ನಿದ್ದೆ.

ಗುಳ್ಳೆ ಸೊಳ್ಳೆಯದ್ದಂತೆ. ಈಗ ಮತ್ತೆ ಫೋನ್ ಮಾಡಿ ಹೇಳಿದರು.

ಅಕ್ಟೋಬರ್ 10, ಸೋಮವಾರ. ಮಧ್ಯಾಹ್ನ

ನಡೆದದ್ದನ್ನು ನಡೆದ ಹಾಗೇ ಬರೆಯಬೇಕು. 

ಹತ್ತು ಗಂಟೆ. ನಿಹಾಯಾ — ಫೋನಿನ ಮೇಜಿನವಳು, ನನ್ನ ಪಕ್ಕದ ಕುರ್ಚಿ — ಯಾರ ಜೊತೆಗೋ ವಾದಕ್ಕೆ ಬಿದ್ದಿದ್ದಳು.

“ಭಾನುವಾರ ಮೇಷ್ಟ್ರೇ, ಭಾನುವಾರ! ಪೇಜು ನನ್ನ ಕಣ್ಣೆದುರಿಗೇ ಇದೆ. ನೀಲಿ ಮೊಹರಿದೆ, ಸಹಿ ಇದೆ... ಮಂಗಳವಾರ ಅಂತ ಎಲ್ಲೂ ಇಲ್ಲ... ಅಯ್ಯೋ, ನಿಮ್ಮ ಫೋನಿಗೇ ಏನೋ ಹಿಡ್ಕೊಂಡಿದೆ.”

 ಚಿತ್ರದ ಹಿಂದೆ ಹೋಗಿ ನೋಡಿದೆ. ಲೌಜ್ ದಿಬ್ಬ, ಮಂಗಳವಾರ. ಬೆಳಗ್ಗೆ ಆರಕ್ಕೆ. ಚುಕ್ಕಿ ಕೂಡ ಇದೆ.

ತಿದ್ದಲೇ ಇಲ್ಲ ನಾನು ಆ ಸಾಲನ್ನು.

ನಿನ್ನೆಯೇ ನೀರು ಬಂದು ಹೋಯಿತು. ನೆರೆಯವರೆಲ್ಲ ಟ್ಯಾಂಕು ತುಂಬಿಸಿ ಬಟ್ಟೆ ಒಗೆದು ಹರವಿದ್ದಾರೆ. ಹನ್ನೊಂದು ಮನೆಯವರು ಮಾತ್ರ ನಾಳೆ ಬರುತ್ತದೆಂದು ಕೆಳಗಿನ ತೊಟ್ಟಿಯ ವಾಲ್ವು ಮುಚ್ಚಿಕೊಂಡು ಕೂತಿದ್ದಾರೆ. ಇನ್ನು ಬರುವ ಸರದಿಗೆ ವಾರ.

ತಿದ್ದಿದೆ. ಹತ್ತು ಸೆಕೆಂಡೂ ಹಿಡಿಯಲಿಲ್ಲ. ಯಾಕೆ ಆ ಕ್ಷಣ ತಿದ್ದಿದೆ? ಉಳಿದವರಿಗೆ ತಪ್ಪು ಕೇಳಬಾರದು ಎಂದೇ? ಸಿಕ್ಕಿಬೀಳಬಾರದು ಎಂದೇ? ಗೊತ್ತಿಲ್ಲ. ಬೆರಳು ತಾನೇ ಓಡಿತು.

ನಿಹಾಯಾ ಇನ್ನೂ ಫೋನಿನಲ್ಲೇ. “ಒಂದ್ಸಲ ಮುಚ್ಚಿ ಮತ್ತೆ ತೆರೀರಿ ಮೇಷ್ಟ್ರೇ. ನಾನಿಲ್ಲೇ ಇರ್ತೀನಿ, ಕೇಳಿ ನೋಡಿ.”

ಅವಳ ಕೈಯಲ್ಲಿದ್ದ ರಿಸೀವರಿನಿಂದ ಆ ಓದುವ ದನಿ ಸಣ್ಣಗೆ ನನಗೂ ಕೇಳಿಸಿತು. ಲೌಜ್ ದಿಬ್ಬ, ಭಾನುವಾರ.

 ಆಮೇಲೆ, “ಕ್ಷಮಿಸಮ್ಮ” ಅಂದು ಇಟ್ಟುಬಿಟ್ಟರಂತೆ.

“ಪಾಪ, ವಯಸ್ಸಾಯ್ತು,” ಅಂದಳು ನಿಹಾಯಾ. “ನಿನಗೇನಾಯ್ತೇ ಜುಮಾನಾಳಮ್ಮ? ಮುಖ ಮೊಸರಿನ ಹಾಗಾಗಿದೆ. ತಿಂಡಿ ತಿಂದ್ಯಾ?”

ಝಾತರ್ ಮಸಾಲೆ ಹಚ್ಚಿದ ಅವಳ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟಳು. ತಿಂದೆ. ತಿಂದೆನಲ್ಲ.

ಅಕ್ಟೋಬರ್ 12, ಬುಧವಾರ. ಸಂಜೆ

ಮೇಷ್ಟ್ರು ಕಚೇರಿಗೇ ಬಂದರು.

ಲಿಫ್ಟು ಕೆಟ್ಟು ತಿಂಗಳಾಗಿದೆ. ಮೂರು ಮಹಡಿ ಕೋಲು ಊರಿಕೊಂಡು ಹತ್ತಿದ್ದಾರೆ. ಕೋಲಿನ ಸದ್ದು ಹತ್ತಿರವಾಗುವುದು ಕೇಳುತ್ತಲೇ ಇದ್ದೆ, ಯಾರೆಂದು ಹೊಳೆಯಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ. ವಾರದಿಂದ ನೀರಿಲ್ಲದ ಮನೆಯಿಂದ ಅಂಥ ಅಂಗಿ ಹೇಗೆ ಬಂತು ಎಂದೇ ನನಗೆ ಯೋಚನೆ.

ಅಬೂ ನಿಜಾರ್ ಎದ್ದು ಹೋಗಿ ಕೈ ಹಿಡಿದು ಕೂರಿಸಿದರು. ಕಾಫಿ ತರಿಸಿದರು. ನಾನು ಫೈಲು ಹಿಡಿದು ಬಾಗಿಲಲ್ಲೇ ನಿಂತಿದ್ದೆ.

“ಕುಡೀರಿ ಮೇಷ್ಟ್ರೇ. ಏಲಕ್ಕಿ ಹಾಕ್ಸಿದ್ದೀನಿ.”

ಮೇಷ್ಟ್ರು ಕಪ್ಪು ತೆಗೆದುಕೊಂಡರು. ಮೂಸಿದರು. ಮೇಜನ್ನು ಬೆರಳಿನಿಂದ ತಡವಿ, ಕಪ್ಪನ್ನು ಕೆಳಗಿಟ್ಟರು. ಕುಡಿಯಲಿಲ್ಲ.

 ಕಪ್ಪು ಕೆಳಗಿಟ್ಟರೆ ಏನೆಂದು ನಮ್ಮಲ್ಲಿ ಮಗುವಿಗೂ ಗೊತ್ತು. ಕೇಳಲು ಬಂದಿದ್ದೇನೆ, ಕೇಳಿದ್ದು ಸಿಗುವ ತನಕ ನಿಮ್ಮ ಮನೆಯ ಕಾಫಿ ಮುಟ್ಟುವುದಿಲ್ಲ ಎಂದು. ಹೆಣ್ಣು ಕೇಳಲು ಹೋದ ಹಿರಿಯರು ಹೀಗೆ ಮಾಡುತ್ತಾರೆ. ಜಗಳವಾದ ಮನೆಗೆ ಕ್ಷಮೆ ಕೇಳಲು ಹೋದವರು ಮಾಡುತ್ತಾರೆ. ನೀರಿನ ಕಚೇರಿಯಲ್ಲಿ ಯಾರೂ ಮಾಡಿದ್ದು ನಾನು ಕಂಡಿಲ್ಲ.

“ಕೇಳಿ ಮೇಷ್ಟ್ರೇ, ಕೊಟ್ಟೆ ಅಂತಿಟ್ಕೊಳ್ಳಿ,” ಅಂದರು ಅಬೂ ನಿಜಾರ್. “ಈಗಲೇ ಟ್ಯಾಂಕರ್ ಕಳಿಸ್ತೀನಿ. ಹನ್ನೊಂದು ಮನೆಗೂ.”

“ಕಳಿಸಿ, ದೇವರು ನಿಮಗೆ ಒಳ್ಳೇದು ಮಾಡ್ಲಿ. ನಾನು ಕೇಳೋಕೆ ಬಂದಿದ್ದು ಅದಲ್ಲ. ಆ ಗುರುವಾರ ಸಂಜೆ ನಿಮ್ಮ ಪೇಜಿನಲ್ಲಿ ಮಂಗಳವಾರ ಅಂತಿತ್ತಾ, ಇಲ್ವಾ? ಅಷ್ಟೇ.”

“ಮೇಷ್ಟ್ರೇ, ಆ ಕಾಗದಕ್ಕೆ ಮೊಹರು ಒತ್ತಿದ ಕೈ ಇದು. ಭಾನುವಾರ ಅಂತಲೇ ಇತ್ತು. ನಮ್ಮಪ್ಪನ ಆಣೆ.”

ಅವರು ಸುಳ್ಳು ಹೇಳಲಿಲ್ಲ. ಅವರ ಕಾಗದದಲ್ಲಿ ಭಾನುವಾರವೇ ಇತ್ತು.

“ಹಾಗಾದ್ರೆ ನನ್ನ ಕಿವಿ,” ಅಂದರು ಮೇಷ್ಟ್ರು. ತಮಗೆ ತಾವೇ ಎಂಬಂತೆ. “ಮೂರು ಸಲ ಕೇಳಿಸ್ಕೊಂಡಿದ್ದೆ. ನಲವತ್ತು ವರ್ಷ ಪಾಠ ಹೇಳ್ದೆ, ಹಿಂದಿನ ಬೆಂಚಿನವನು ಒಂದು ಸ್ವರ ತಪ್ಪಿದ್ರೆ ಹಿಡೀತಿದ್ದೆ. ಈಗ ಭಾನುವಾರಾನ ಮಂಗಳವಾರ ಅಂತ ಕೇಳ್ತೀನಿ. ಅಬೂ ನಿಜಾರ್, ಕಿವಿ ಸುಳ್ಳು ಹೇಳೋಕೆ ಶುರು ಮಾಡಿದ್ರೆ ನಾನು ರಸ್ತೆ ದಾಟೋದು ಹೇಗೆ?”

 ಅದಕ್ಕೆ ಉತ್ತರ ನನ್ನ ಬಳಿ ಇತ್ತು.

ಹೊರಡುವಾಗ ಬಾಗಿಲಲ್ಲಿ ನಿಂತರು. “ಯಾರು, ಶುರೂಕಾ?”

“ಹೌದು ಮೇಷ್ಟ್ರೇ.”

“ಮಗು ಹೇಗಿದೆ? ರಾತ್ರಿ ಮಲಗಕ್ಕೆ ಬಿಡುತ್ತಾ? ... ನಿನ್ನ ಮೇಲೆ ದೂರಿಲ್ಲಮ್ಮ ನಂದು. ಕೇಳಿಸ್ಕೊಂಡವನದ್ದೇ ತಪ್ಪು.”

ಹೋದರು. ಕಪ್ಪು ಮೇಜಿನ ಮೇಲೇ ಇತ್ತು. ಅರ್ಧ ಗಂಟೆ ಯಾರೂ ಎತ್ತಲಿಲ್ಲ. ಕಡೆಗೆ ನಾನೇ ತೆಗೆದುಕೊಂಡು ಹೋಗಿ ಚೆಲ್ಲಿದೆ. ಮೇಲೆ ಕೆನೆಯ ಹಾಗೆ ಕಟ್ಟಿತ್ತು.

ಅಕ್ಟೋಬರ್ 13, ಗುರುವಾರ

ಇವತ್ತು ಹೇಳಬೇಕೆಂದು ಹೋದೆ. ಹೇಳಲಿಲ್ಲ.

ಅಕ್ಟೋಬರ್ 18, ಮಂಗಳವಾರ. ಮಧ್ಯಾಹ್ನ, ಫೈಲಿನ ಕೋಣೆ

ನಾಲ್ಕು ದಿನ ಜುಮಾನಾಗೆ ಜ್ವರ. ಬರೆಯಲಾಗಲಿಲ್ಲ. ಈಗ ಇಳಿದಿದೆ. ಇಳಿದ ಮೇಲೂ ಥರ್ಮಾಮೀಟರ್ ಬ್ಯಾಗಿನಲ್ಲಿಟ್ಟುಕೊಂಡು ಆಫೀಸಿಗೆ ಬಂದಿದ್ದೇನೆ — ಮಗು ಮನೆಯಲ್ಲಿ, ಥರ್ಮಾಮೀಟರ್ ಇಲ್ಲಿ. ಅತ್ತೆ ಫೋನಿನಲ್ಲಿ ನಕ್ಕರು. “ನಿನ್ನ ಕಂಪ್ಯೂಟರಿಗೆ ಇಟ್ಟು ನೋಡು, ಅದಕ್ಕೂ ಜ್ವರ ಇರ್ಬೇಕು.”

ಬಂದು ನೋಡಿದರೆ ಇಲ್ಲಿ ಬೇರೆ ಸುದ್ದಿ. ಆ ಹನ್ನೊಂದು ಮನೆಯಲ್ಲಿ ಯಾರೋ ಒಬ್ಬರು ರಾಜಧಾನಿ ಅಮ್ಮಾನಿನ ಮುಖ್ಯ ಕಚೇರಿಗೆ ದೂರು ಬರೆದಿದ್ದಾರೆ. ಕುರುಡರಿಗೆ ಬೇರೆ ದಿನ, ನೋಡುವವರಿಗೆ ಬೇರೆ ದಿನ ಹೇಳಿದಿರಿ ಎಂದು. ಮೇಲಿನಿಂದ ವಿವರಣೆ ಕೇಳಿದ್ದಾರೆ. ಡೈರೆಕ್ಟರ್ ಅಂದರಂತೆ, ಉತ್ತರವನ್ನು ವೆಬ್‌ಸೈಟಿನಲ್ಲೇ ಹಾಕಿ, ಎಲ್ಲರೂ ನೋಡಲಿ.

ಎಲ್ಲರೂ.

ಅಬೂ ನಿಜಾರರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವರು ಕಣ್ಣಿಗೆ ಹನಿ ಬಿಟ್ಟುಕೊಂಡು, ತಲೆ ಹಿಂದಕ್ಕೆ ಚೆಲ್ಲಿ ಕೂತಿದ್ದರು.

“ಅಬೂ ನಿಜಾರ್, ಆ ಗುರುವಾರ ನಾನು —”

“ಮಗಳೇ.” ಕಣ್ಣು ತೆರೆಯದೆ ಕೈ ಎತ್ತಿದರು. “ನಿನ್ನ ಒಪ್ಪಂದದ ಕಾಗದ ಇಲ್ಲೇ ಇದೆ. ಮೂವತ್ತೊಂದಕ್ಕೆ ಮುಗಿಯುತ್ತೆ. ಒಳ್ಳೇ ಕೆಲಸಗಾರ್ತಿ, ಒಂದು ತಪ್ಪಿಲ್ಲ, ಇನ್ನೊಂದು ವರ್ಷ ಕೊಡಿ ಅಂತ ಬರೆದಿಟ್ಟಿದ್ದೀನಿ. ಮೊಹರೊಂದೇ ಬಾಕಿ. ಈಗ ನೀನು ಬಾಯಿ ತೆರೆದ್ರೆ ನಾನು ಕೇಳಿಸ್ಕೋಬೇಕು. ಕೇಳಿಸ್ಕೊಂಡ್ರೆ ಬರೀಬೇಕು. ಬರೆದ್ರೆ ಡೈರೆಕ್ಟರ್ ಏನಂತಾರೆ ಗೊತ್ತಾ? ಹಿಂದಿನ ಬರಹಾನೇ ತೆಗೆದುಹಾಕಿ, ಅದರಿಂದಲೇ ಗಲಾಟೆ ಅಂತಾರೆ. ಆಗ ಆ ಹತ್ತೊಂಬತ್ತು ಮನೆಗೆ ಏನಿರುತ್ತೆ? ನೀನೂ ಇರಲ್ಲ, ಬರಹಾನೂ ಇರಲ್ಲ.”

“ಮೇಷ್ಟ್ರು ತಮ್ಮ ಕಿವಿಯೇ ಹೋಯ್ತು ಅಂದ್ಕೊಂಡಿದ್ದಾರೆ.”

“ನನ್ನ ಕಣ್ಣು ನಿಜವಾಗ್ಲೂ ಹೋಗ್ತಿದೆ. ಇಬ್ಬರೂ ಬದುಕ್ತೀವಿ.”

ಹನಿ ಕೆನ್ನೆಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಹೊರಗೆ ಬಂದೆ. ನಿಜ ಹೇಳಿದರೆ, ಹೊರಗೆ ಬಂದಾಗ ಮೊದಲು ಆದದ್ದು ನಿರಾಳ. ನಾಚಿಕೆ ಮೆಟ್ಟಿಲ ಹತ್ತಿರ ಬಂತು.

ಅಕ್ಟೋಬರ್ 19, ಬುಧವಾರ. ಬೆಳಗ್ಗೆ 6

ಇವತ್ತು ನಮ್ಮ ರುಮ್ಮಾನ್ ಓಣಿಯ ಸರದಿ. ಮೇಲಿನ ಟ್ಯಾಂಕಿಗೆ ನೀರು ಬೀಳುವ ಸದ್ದು. ಅತ್ತೆ ಆಗಲೇ ಎರಡನೇ ಸಲದ ಬಟ್ಟೆ ಹಾಕಿದ್ದಾರೆ. ಬಾಲ್ಕನಿಯಲ್ಲಿ ನಿಂತು ಎದುರುಮನೆಯವಳಿಗೆ ಕೂಗುತ್ತಿದ್ದಾರೆ — “ನಮ್ಮ ಸೊಸೆ ನೀರಿನ ಆಫೀಸಿನವಳು ಕಣೇ, ನಮಗೇ ಎರಡು ದಿನ ಬರ್ಬೇಕಿತ್ತು. ಒಂದು ಲೋಟ ಹೆಚ್ಚಿಗೆ ಬಂದಿದ್ರೆ ಕೇಳು!”

ಗಸ್ಸಾನ್‌ಗೆ ನಿನ್ನೆ ಎಲ್ಲ ಹೇಳಿದೆ. ಫೋನಿನಲ್ಲಿ ಕ್ರೇನಿನ ಸದ್ದು.

“ಯಾರಿಗೂ ಗೊತ್ತಿಲ್ಲ ತಾನೇ?”

“ನನಗೆ ಗೊತ್ತು.”

“ನಿನಗೆ ನಿದ್ದೆ ಇಲ್ಲ, ಅದಕ್ಕೆ ಎಲ್ಲಾ ದೊಡ್ಡದಾಗಿ ಕಾಣುತ್ತೆ. ಒಂದು ವಾರದ ನೀರು ಶುರೂಕ್. ಟ್ಯಾಂಕರ್ ಹೋಯ್ತು ಅಂತ ನೀನೇ ಹೇಳಿದ್ಯಲ್ಲ.”

ನೀರು ಹೋಯಿತು. ಸರಿ. ಕಿವಿಯನ್ನು ಯಾವ ಟ್ಯಾಂಕರಿನಲ್ಲಿ ಕಳಿಸುವುದು?

ಅಕ್ಟೋಬರ್ 20, ಗುರುವಾರ. ಮಧ್ಯಾಹ್ನ 2.15

ಕಾಗದ ಬಂತು. ಸಹಿ ಇದೆ. ಮೊಹರಿದೆ, ಸ್ವಲ್ಪ ಓರೆಯಾಗಿ ಬಿದ್ದಿದೆ. ಅವರಿಗೆ ಅಂಚು ಕಂಡಿರಲಿಕ್ಕಿಲ್ಲ.

“ಈ ತಿಂಗಳ ಎರಡನೇ ವಾರದ ನೀರು ಹಂಚಿಕೆಯ ಪ್ರಕಟಣೆಯಲ್ಲಿ ಯಾವುದೇ ದೋಷವಿರಲಿಲ್ಲ ಎಂದು ಸ್ಪಷ್ಟಪಡಿಸಲಾಗಿದೆ. ದೂರುದಾರರ ಉಪಕರಣದಲ್ಲಿ ಅಥವಾ ಕೇಳಿಸಿಕೊಂಡದ್ದರಲ್ಲಿ ವ್ಯತ್ಯಾಸವಾಗಿರುವ ಸಂಭವವಿದೆ.”

ಇದರ ಹಿಂದೆ ನಾನು ಬರಹ ಇಡಬೇಕು. ಕಣ್ಣಿಲ್ಲದವರೂ ಕೇಳಬೇಕಲ್ಲ, ತಮ್ಮದೇ ತಪ್ಪು ಎಂದು. ನಾನೇ ಟೈಪ್ ಮಾಡಿ, ಚುಕ್ಕಿ ಇಟ್ಟು, ಉಸಿರು ತೆಗೆದುಕೊಳ್ಳಲು ಜಾಗ ಬಿಟ್ಟು.

ಎರಡು ಸಲ ಹಾಗೇ ಟೈಪ್ ಮಾಡಿದೆ. ಎರಡು ಸಲ ಅಳಿಸಿದೆ. ನಿಹಾಯಾ ಊಟಕ್ಕೆ ಹೋದಳು. ಆಮೇಲೆ ಇದನ್ನು ಬರೆದೆ. ನೆನಪಿಗಿರಲೆಂದು ಇಲ್ಲೂ ಇಳಿಸುತ್ತಿದ್ದೇನೆ.

“ಇದು ಒಂದು ಕಾಗದದ ಚಿತ್ರ. ಡೈರೆಕ್ಟರ್ ಸಹಿ ಇದೆ. ನೀಲಿ ಮೊಹರಿದೆ. ಪ್ರಕಟಣೆಯಲ್ಲಿ ದೋಷವಿರಲಿಲ್ಲ ಎಂದು ಕಾಗದ ಹೇಳುತ್ತದೆ. ಕಣ್ಣಿಗೆ ಕಾಣುವ ಚಿತ್ರದಲ್ಲಿ ದೋಷವಿರಲಿಲ್ಲ. ನೀವು ಕೇಳಿದ ಬರಹದಲ್ಲಿ ಇತ್ತು. ಅಕ್ಟೋಬರ್ ಆರರ ಸಂಜೆಯಿಂದ ಹತ್ತರ ಬೆಳಗಿನ ತನಕ ಲೌಜ್ ದಿಬ್ಬಕ್ಕೆ ಮಂಗಳವಾರ ಎಂದೇ ಇತ್ತು. ಭಾನುವಾರ ಎಂದಿರಬೇಕಿತ್ತು. ಹಳೆಯ ಸಾಲನ್ನು ತಿದ್ದದೆ ಬಿಟ್ಟವಳು ನಾನು. ಆಮೇಲೆ ಯಾರಿಗೂ ಹೇಳದೆ ತಿದ್ದಿದವಳೂ ನಾನು. ಹಿಕ್ಮತ್ ಮೇಷ್ಟ್ರೇ. ನೀವು ಸರಿಯಾಗಿಯೇ ಕೇಳಿಸಿಕೊಂಡಿರಿ. ಮೂರು ಸಲವೂ. ಶುರೂಕ್.”

ಏರಿಸಿದೆ. ಪರದೆಯ ಮೇಲೆ ನೋಡಿದರೆ ಮೊಹರು ಮಾತ್ರ ಕಾಣುತ್ತದೆ. ಕಣ್ಣು ಮುಚ್ಚಿಕೊಂಡು ಇಡೀ ಕೇಳಿದೆ. ಆ ಯಂತ್ರದ ಹೆಂಗಸಿಗೆ ಯಾವ ಭಾವವೂ ಇಲ್ಲ. ನನ್ನ ಹೆಸರನ್ನು ಊರ ಹೆಸರಿನ ಹಾಗೆ ಓದಿದಳು.

ನಿಹಾಯಾ ಬಂದಳು. ಕಿತ್ತಳೆ ಸುಲಿದು ಕೊಟ್ಟಳು. “ಏನೇ, ಕೂತಲ್ಲೇ ನಿದ್ದೆನಾ?”

“ಹೂಂ.”

ಅಕ್ಟೋಬರ್ 23, ಭಾನುವಾರ. ಬೆಳಗ್ಗೆ 11

ಗುರುವಾರ ಸಂಜೆಯಿಂದ ಕಾಯುತ್ತಿದ್ದೇನೆ. ಮೇಷ್ಟ್ರು ಗುರುವಾರ ಸಂಜೆಯೇ ಪೇಜು ಕೇಳುವವರು. ಶುಕ್ರವಾರ ಏನೂ ಇಲ್ಲ. ಶನಿವಾರ ಏನೂ ಇಲ್ಲ. ಫೋನಿನ ಸದ್ದಾದರೆ ಮಗುವಿಗಿಂತ ಮೊದಲು ನಾನು ಬೆಚ್ಚುತ್ತೇನೆ.

ಈಗ ತಿಳಿಯಿತು.

ಬೆಳಗ್ಗೆಯಿಂದ ನಿಹಾಯಾಗೆ ಒಂದೇ ಸಮನೆ ಕರೆ. ಒಬ್ಬ ಹೆಂಗಸು, ಲೌಜ್ ದಿಬ್ಬದಿಂದ. ಆಮೇಲೆ ಒಬ್ಬ ಮುದುಕ. ಆಮೇಲೆ ಇನ್ನಿಬ್ಬರು. ಎಲ್ಲರೂ ಕೇಳುವುದು ಒಂದೇ, ನಮ್ಮ ಸರದಿ ಯಾವಾಗ?

“ಯಾಕಮ್ಮ, ಮೇಷ್ಟ್ರು ಹೇಳ್ತಿದ್ರಲ್ಲ ನಿಮಗೆಲ್ಲ?” ಎಂದು ಕೇಳಿದಳು. ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು. “ಅವರು ಬಿಟ್ಬಿಟ್ಟರಂತೆ. ಹೋದ ವಾರದಿಂದ. ನನ್ನ ಕಿವಿ ನಂಬಿಕೊಂಡು ನೀವು ಒಣಗಬೇಡಿ, ನೇರ ಆಫೀಸಿಗೇ ಫೋನ್ ಮಾಡಿ ಅಂದ್ರಂತೆ. ಫೋನು ತೆಗೆಯೋದೇ ಇಲ್ವಂತೆ.”

ಅವರು ಪೇಜು ತೆರೆದೇ ಇಲ್ಲ. ಉಳಿದವರು ಅವರನ್ನು ನಂಬಿಕೊಂಡಿದ್ದವರು. ಪೇಜನ್ನು ತೆರೆದು ಅಭ್ಯಾಸವೇ ಇಲ್ಲ. ಮೂರು ದಿನದಿಂದ ನನ್ನ ಬರಹ ಅಲ್ಲಿ ಕೂತಿದೆ, ಕೇಳುವ ಒಬ್ಬರೂ ಇಲ್ಲದೆ.

ಇದೂ ಜಾಣತನವೇ ಆಗಿತ್ತಲ್ಲವೇ? ಕಣ್ಣಿರುವವರು ನೋಡದ ಜಾಗದಲ್ಲಿ ಒಪ್ಪಿಕೊಂಡು, ಭಾರ ಇಳಿಸಿಕೊಂಡೆ ಅಂದುಕೊಂಡಿದ್ದೆ. ಅವರ ಮುಂದೆ ಬಾಗಿಲಲ್ಲಿ ನಿಂತಿದ್ದಾಗ ನಾಲಿಗೆ ಇತ್ತು ನನಗೆ.

ಎರಡು ಸಲ ಮೇಷ್ಟ್ರಿಗೆ ಫೋನ್ ಮಾಡಿದೆ. ತೆಗೆಯಲಿಲ್ಲ.

ಅಕ್ಟೋಬರ್ 24, ಸೋಮವಾರ. ಬೆಳಗ್ಗೆ 9.50

ಜೀಪಿನಲ್ಲಿ ಕೂತು ಬರೆಯುತ್ತಿದ್ದೇನೆ. ಚಾಲಕ ಇನ್ನೂ ಬಂದಿಲ್ಲ. ಬೇಗ ಬರೆಯಬೇಕು.

ಒಂಬತ್ತಕ್ಕೆ ಅಬೂ ನಿಜಾರ್ ನನ್ನ ಮೇಜಿಗೆ ಬಂದರು. ಕುರ್ಚಿ ಎಳೆದುಕೊಂಡು ಕೂತರು. ಕೈಯಲ್ಲಿ ಹೊಸ ಇಯರ್‌ಫೋನ್, ಚಿಕ್ಕ ಹುಡುಗರ ಹಾಗೆ ಖುಷಿ.

“ನನ್ನ ಮಗಳು ಫೋನಿಗೆ ಮಾತು ಕಲಿಸಿಕೊಟ್ಟಳು. ಶುಕ್ರವಾರದಿಂದ ಪೇಪರೆಲ್ಲಾ ಓದಿಸ್ಕೊಂಡೆ. ಸತ್ತವರ ಸುದ್ದಿ ಕೂಡ! ಮೂರು ವರ್ಷದಿಂದ ಯಾರ್ಯಾರು ಸತ್ತರೋ ಗೊತ್ತೇ ಆಗಿರಲಿಲ್ಲ. ಈಗ ನನ್ನ ಕಾಗದ ಒಂದು ಕೇಳೋಣ ಅಂತ. ನಮ್ಮ ಪೇಜು ತೆರೆದಿದ್ದೀನಿ. ಎಲ್ಲಿ ಒತ್ಬೇಕು, ತೋರಿಸು.”

ಇವತ್ತು ಕೆಲಸ ಮಾಡ್ತಿಲ್ಲ ಅನ್ನಬಹುದಿತ್ತು. ಬೇರೆ ಪ್ರಕಟಣೆ ತೆರೆದು ಕೊಡಬಹುದಿತ್ತು. ಅವರಿಗೆ ಕಾಣುತ್ತಲೂ ಇರಲಿಲ್ಲ. ನಿಹಾಯಾ ಈ ಕಡೆಯೇ ನೋಡುತ್ತಿದ್ದಳು.

ಅವರ ಬೆರಳು ಹಿಡಿದು ಗುರುವಾರದ ಕಾಗದದ ನೀಲಿ ಮೊಹರಿನ ಮೇಲೆ ಇಟ್ಟೆ. “ಇಲ್ಲಿ.”

ಕೇಳಿಸಿಕೊಂಡರು. ಮೊದಲು ತಲೆ ಆಡಿಸುತ್ತಿದ್ದರು. ಸಹಿ, ಮೊಹರು ಎಂದಾಗ ಮುಗುಳ್ನಕ್ಕರು ಕೂಡ. ಆಮೇಲೆ ತಲೆ ನಿಂತಿತು. ನಾನು ಕೀಬೋರ್ಡನ್ನೇ ನೋಡುತ್ತಿದ್ದೆ. ಮುಗಿಯಿತೆಂದು ಗೊತ್ತಾದದ್ದು ಅವರು ಮತ್ತೆ ಒತ್ತಿದಾಗ. ಎರಡನೇ ಸಲ ಕೇಳಿದರು. ಇಡೀ.

ಇಯರ್‌ಫೋನ್ ತೆಗೆದರು. ಅದರ ವೈರನ್ನು ನಿಧಾನಕ್ಕೆ ಬೆರಳಿಗೆ ಸುತ್ತಿಕೊಂಡರು.

“ನಮ್ಮಪ್ಪನ ಆಣೆ ಹಾಕಿದ್ನಲ್ಲ ನಾನು ಆ ಮನುಷ್ಯನ ಮುಂದೆ,” ಅಂದರು.

“ನಿಮಗೆ ಗೊತ್ತಿರಲಿಲ್ಲ.”

“ಅವತ್ತು ಗೊತ್ತಿರಲಿಲ್ಲ. ನೀನು ಬಾಗಿಲು ಹಾಕ್ಕೊಂಡು ಬಂದ ದಿನ ಗೊತ್ತಾಯ್ತು. ಆಮೇಲೂ ಮೊಹರು ಒತ್ತಿದೆ.” ಸುತ್ತಿದ ವೈರನ್ನು ಬಿಚ್ಚುತ್ತಾ, “ಅವತ್ತು ಅವರು ಕಾಫಿ ಕುಡೀಲಿಲ್ಲ, ಅಲ್ವಾ?”

“ಇಲ್ಲ.”

“ಇದನ್ನ ಅವರು ಕೇಳಿಸ್ಕೊಂಡಿದ್ದಾರಾ?”

“ಇಲ್ಲ. ಪೇಜು ತೆರೆಯೋದನ್ನೇ ಬಿಟ್ಟಿದ್ದಾರಂತೆ.”

ಎದ್ದರು. ಕೋಟಿನ ಒಳಜೇಬಿಗೆ ಕೈ ಹಾಕಿ ಮೊಹರು ಇದೆಯೇ ಎಂದು ಮುಟ್ಟಿ ನೋಡಿಕೊಂಡರು. ಅದು ಅಭ್ಯಾಸ. ಆಮೇಲೆ ನಿಹಾಯಾ ಕಡೆಗೆ, “ಜೀಪು ತೆಗೆಯೋಕೆ ಹೇಳು. ಲೌಜ್ ದಿಬ್ಬಕ್ಕೆ.” ನನ್ನ ಕಡೆಗೆ, “ಅಲ್ಲಿ ಮೆಟ್ಟಿಲು ಬಹಳವಂತೆ. ನನ್ನ ಕೈ ಹಿಡ್ಕೋಬೇಕಾಗುತ್ತೆ ನೀನು.”

“ನನ್ನ ಒಪ್ಪಂದದ ಕಾಗದ...”

“ಬಂದ ಮೇಲೆ.”

ಕೊಡುತ್ತೇನೆ ಎಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಕೇಳಬಾರದಿತ್ತು. ಕೇಳಿದೆ.

ಅವರು ಮುಂದಿನ ಸೀಟಿನಲ್ಲಿ ಕೂತು ಏನೋ ಗೊಣಗುತ್ತಿದ್ದಾರೆ. ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತಿದ್ದಾರೆಂದು ಕಾಣುತ್ತದೆ. ಮೇಷ್ಟ್ರ ಮನೆಯಲ್ಲಿ ಕಾಫಿ ಕೊಟ್ಟೇ ಕೊಡುತ್ತಾರೆ. ಈ ಸಲ ಕಪ್ಪು ಕೆಳಗಿಡುವವರು ನಾವು. ನೀವು ಮೊದಲು ಮಾತಾಡಿ ಅಂದೆ ಅಬೂ ನಿಜಾರರಿಗೆ. ಇಲ್ಲ, ನೀನೇ, ನಿನ್ನ ದನಿ ಅವರಿಗೆ ಗೊತ್ತು ಅಂದರು.

ಏನೆಂದು ಶುರು ಮಾಡಲಿ? ಸಲಾಮಿನ ನಂತರ ನೇರ ಅದೇ ಮಾತು. ಸುತ್ತಿ ಬಳಸಬಾರದು. ಮಗು, ನಿದ್ದೆ, ಜ್ವರ, ಯಾವುದನ್ನೂ ತರಬಾರದು.

ಚಾಲಕ ಬಂದ. ಬಾಗಿಲು ಹಾಕಿದ.

‘ಮೇಷ್ಟ್ರೇ, ನಾನು ಶುರೂಕ್. ಅವತ್ತು ನೀವು ಕೇಳಿಸ್ಕೊಂಡಿದ್ದು ಸರಿಯಾಗೇ ಇತ್ತು. ತಪ್ಪು ನನ್ನದು.’